ಕುದುರೆ ಹತ್ತಲಾಗದ ರಾಜನ ಡಾಕ್ಟರ್

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಎಲ್ಲಿದ್ದರೂ ಎದ್ದು ಬಂದು ಬೈಯುತ್ತಾರೆ. ಪೇಷೆಂಟಿನ ಹೆಸರು ಕ್ಲಿನಿಕ್ಕಿನ ಬಾಗಿಲು ದಾಟಬಾರದು, ಡಾಕ್ಟರ ಹೆಸರು ಬೋರ್ಡು ಬಿಟ್ಟು ಇಳಿಯಬಾರದು ಎನ್ನುವುದು ಅವರ ಕಟ್ಟುನಿಟ್ಟು. ಸಾವಿರ ವರ್ಷಗಳ ಹಿಂದೆ ಸತ್ತುಹೋದ ಒಬ್ಬ ರಾಜನ ಕಥೆಯನ್ನು ನನಗೆ ತಿಂಗಳುಗಟ್ಟಲೆ ಹೇಳಿದವರು ಒಂದು ಸಲವೂ ಆ ರಾಜನ ಹೆಸರು ಬಾಯಿಬಿಡಲಿಲ್ಲ. ಕೇಳಿದರೆ, ಪ್ರೈವೆಸಿ ಅನ್ನುತ್ತಿದ್ದರು. ಸತ್ತವನಿಗೆ ಎಂಥ ಪ್ರೈವೆಸಿ ಅಂದರೆ, ಸತ್ತವರೇ ತಾನೆ ಬಂದು ಜಗಳ ಆಡಲಾರದವರು, ಅವರ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು ಅನ್ನುತ್ತಿದ್ದರು.

ಕಳೆದ ತಿಂಗಳು ಅಡಿಲೇಡಿನಿಂದ ಅವರ ಮಗ ಫೋನ್ ಮಾಡಿದ. ಅವನೂ ಡಾಕ್ಟರೇ, ಅಲ್ಲಿನ ಆಸ್ಪತ್ರೆಯೊಂದರಲ್ಲಿದ್ದಾನೆ. ಬೆಳಗಿನ ಚಹಾ ಮುಗಿಸಿ, ಕಪ್ಪನ್ನು ಕೆಳಗಿಟ್ಟು, ಕುರ್ಚಿಯಲ್ಲೇ ಹೋದರು ಎಂದ. ಸಂಜೆಯ ಹೊತ್ತಿಗೆ ಪರ್ತಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೊ ಬಂತು. ಅದರ ಕೆಳಗೆ ಶ್ರೇಷ್ಠ ವೈದ್ಯೆ, ತುಂಬಲಾರದ ನಷ್ಟ ಎಂದೆಲ್ಲ ಸಾಲುಗಟ್ಟಿ ಬಂದವು. ಅವರು ಓದಿದ್ದರೆ, ನಷ್ಟ ತುಂಬೋಕೆ ಸೋಮವಾರದಿಂದ ಇನ್ನೊಬ್ಬಳು ಬರ್ತಾಳೆ, ನೀವು ಮೊದಲು ಸಕ್ಕರೆ ಟೆಸ್ಟ್ ಮಾಡಿಸ್ಕೊಳ್ಳಿ ಎಂದು ಉತ್ತರ ಹಾಕುತ್ತಿದ್ದರು. ನನಗೆ ಆ ಗುಂಪಿನಲ್ಲಿ ಏನೂ ಬರೆಯಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವೆಲ್ಲ ಅವರನ್ನು ಡಾಕ್ಟರ್ ಆಂಟಿ ಅನ್ನುತ್ತಿದ್ದೆವು. ಮೈಸೂರಿನವರು. ಪರ್ತಿನ ವಿಲೆಟನ್ನಿನಲ್ಲಿ ಒಂದು ಅಂಗಡಿ ಸಾಲಿನ ನಡುವೆ ಅವರ ಕ್ಲಿನಿಕ್. ಎಡಕ್ಕೆ ಬೇಕರಿ, ಬಲಕ್ಕೆ ಕರಿದ ಮೀನು, ಆಲೂಗಡ್ಡೆ ಮಾರುವ ಅಂಗಡಿ. ಎರಡು ಗಡಿಯಲ್ಲೂ ಶತ್ರು ಇಟ್ಟುಕೊಂಡು ರಾಜ್ಯಭಾರ ಮಾಡುತ್ತಿದ್ದೇನೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಐದಡಿಯ ಸಣಕಲು ಹೆಂಗಸು, ಚೂಡಿದಾರಕ್ಕೆ ಬಿಳಿ ಸ್ಪೋರ್ಟ್ಸ್ ಶೂ, ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡ ಕನ್ನಡಕ. ಮಾತಾಡುತ್ತ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, ಆಮೇಲೆ ಅದನ್ನೇ ಮೇಜಿನ ಮೇಲೆಲ್ಲ ಹುಡುಕುವುದು ಅವರ ದಿನಚರಿ. ಕಿವಿಯಲ್ಲಿದೆ ಎಂದು ನಾವು ಹೇಳಿದರೆ ಥ್ಯಾಂಕ್ಸ್ ಇಲ್ಲ, ಮೊದಲೇ ಹೇಳೋಕೇನು ಎಂಬ ಗದರಿಕೆ.

ನಾನು ಅವರ ಹತ್ತಿರ ಹೋದದ್ದು ತೂಕ ಇಳಿಸಲು. ಹಾಗೆ ಹೇಳಿದರೆ ಹಗುರವಾಯಿತು. ನಾನು ಹೋದದ್ದು ಕೆಲಸ ಉಳಿಸಿಕೊಳ್ಳಲು.

ಆಗ ನಾನು ಪಶ್ಚಿಮ ಆಸ್ಟ್ರೇಲಿಯಾದ ಒಂದು ಗಣಿಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರ್. ಎರಡು ವಾರ ಗಣಿ, ಒಂದು ವಾರ ಮನೆ, ಓಡಾಟ ವಿಮಾನದಲ್ಲಿ. ಅದಿರು ಸಾಗಿಸುವ ಎತ್ತರದ ಕನ್ವೇಯರ್ ಗೋಪುರಗಳನ್ನು ಹತ್ತಿ ಕೆಲಸ ನೋಡಬೇಕು. ಹತ್ತುವವರು ಬಿದ್ದರೆ ಹಿಡಿಯಲಿ ಎಂದು ಮೈಗೆ ಕಟ್ಟುವ ಬೆಲ್ಟಿಗೆ ಒಂದು ಮಿತಿ ಇತ್ತು. ಮನುಷ್ಯರು, ಬೂಟು, ಉಪಕರಣದ ಚೀಲ ಎಲ್ಲ ಸೇರಿ ನೂರು ಕಿಲೋ. ನಾನೊಬ್ಬಳೇ ನೂರಾ ಮೂರು ಇದ್ದೆ. ಸೇರಿದಾಗ ಇಷ್ಟಿರಲಿಲ್ಲ. ಗಣಿಯ ಮೆಸ್ಸಿನಲ್ಲಿ ಐಸ್‌ಕ್ರೀಮಿನ ಯಂತ್ರ ದಿನಪೂರ್ತಿ ತಿರುಗುತ್ತಿತ್ತು, ಉಳಿದದ್ದು ನೀವೇ ಊಹಿಸಿಕೊಳ್ಳಿ. ನಾಲ್ಕು ತಿಂಗಳಲ್ಲಿ ಮತ್ತೆ ಮೆಡಿಕಲ್ ತಪಾಸಣೆ ಎಂದರು ಕಂಪನಿಯವರು. ಅದರಲ್ಲಿ ಪಾಸಾಗದಿದ್ದರೆ ಗೋಪುರದ ಕೆಲಸ ಇಲ್ಲ, ನನಗೆ ಕೊಡಲು ಅವರಲ್ಲಿ ಬೇರೆ ಕೆಲಸವೂ ಇಲ್ಲ. ಕೆಲಸ ಹೋದರೆ ಅದನ್ನು ನಂಬಿಕೊಂಡ ವೀಸಾ ಹೋಗುತ್ತದೆ. ವೀಸಾ ನನ್ನೊಬ್ಬಳದಲ್ಲ. ಬೆಂಗಳೂರಿನ ಕೆಲಸ ಬಿಟ್ಟು ನನ್ನ ಹಿಂದೆ ಬಂದ ಗಂಡನದು, ವಿಲೆಟನ್ನಿನ ಹೈಸ್ಕೂಲಿಗೆ ಆಗಷ್ಟೇ ಸೇರಿದ್ದ ಮಗಳು ಅನಘಾಳದು.

ಮೊದಲ ದಿನ ಇದನ್ನೆಲ್ಲ ಅಳುತ್ತ ಹೇಳಿದೆ. ಅವರು ಸಮಾಧಾನ ಮಾಡಲಿಲ್ಲ. ತಕ್ಕಡಿಯ ಮೇಲೆ ನಿಲ್ಲಿಸಿದರು. ಅದರ ಅಂಕಿ ಕಾಣುವ ಜಾಗಕ್ಕೆ ಒಂದು ರಟ್ಟಿನ ಚೂರು ಮುಚ್ಚಿದ್ದರು. ರಟ್ಟನ್ನು ತಾವಷ್ಟೇ ಎತ್ತಿ ನೋಡಿ ಬರೆದುಕೊಂಡರು.

"ತಕ್ಕಡಿ ನಂದು, ನಂಬರೂ ನಂದು. ಕಾಲು ಮಾತ್ರ ನಿಮ್ದು. ನಡೀರಿ ಮಹಾರಾಜ್ರೇ, ಹೊರಗೆ ಹೋಗೋಣ" ಅಂದರು.

ಹೆಂಗಸನ್ನು ಮಹಾರಾಜ ಅನ್ನುವುದು ಯಾಕೆಂದು ಅಳುವಿನ ಮಧ್ಯೆಯೂ ಕೇಳಿದೆ. ಪದವಿ ಕಳೆದುಕೊಂಡು ಬಂದವರೆಲ್ಲ ಈ ಕ್ಲಿನಿಕ್ಕಿನಲ್ಲಿ ಮಹಾರಾಜರೇ ಎಂದರು. ಮೇಜಿನ ಡ್ರಾಯರಿನಿಂದ ಒಂದು ಹಳೆಯ ಕೇಸ್ ಕಾರ್ಡ್ ತೆಗೆದು ತೋರಿಸಿದರು. ಕನ್ನಡದಲ್ಲಿ ಬರೆದಿದ್ದರು, ಕ್ಲಿನಿಕ್ಕಿನ ಉಳಿದವರು ಓದದಿರಲಿ ಎಂದು. ಹೆಸರಿನ ಜಾಗ ಖಾಲಿ. ವೃತ್ತಿ: ರಾಜ, ಸದ್ಯಕ್ಕೆ ಕೆಲಸ ಇಲ್ಲ. ತೊಂದರೆ: ಕುದುರೆ ಹತ್ತಲು ಆಗುತ್ತಿಲ್ಲ. ಜೊತೆಗೆ ಬಂದವರು: ಅಜ್ಜಿ. ಅಷ್ಟು ಓದುವಷ್ಟರಲ್ಲಿ ಕಾರ್ಡನ್ನು ಕಿತ್ತುಕೊಂಡು ಒಳಗಿಟ್ಟರು. ಉಳಿದದ್ದನ್ನು ತಕ್ಕಡಿ ಹತ್ತಿದಾಗಲೆಲ್ಲ ಒಂದೊಂದು ಕಂತು ಹೇಳುವುದಾಗಿ ಮಾತು. ಬರದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತದೆ.

ಇದು ಅವರ ಪದ್ಧತಿ. ಮಾತ್ರೆ ಬರೆದುಕೊಡುವ ಮೊದಲು ಅಂಗಡಿ ಸಾಲಿನ ಕಾರ್ ಪಾರ್ಕಿಗೆ ಕರೆದುಕೊಂಡು ಹೋಗಿ ಎರಡು ಸುತ್ತು ನಡೆಸುವುದು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ನನ್ನ ಕೈಯನ್ನು ತಮ್ಮ ತೋಳಿನಡಿ ಸಿಕ್ಕಿಸಿಕೊಂಡು ಹೊರಡುತ್ತಿದ್ದರು. ಪರ್ತಿನಲ್ಲಿ ಬೇಸಿಗೆಯ ಮಧ್ಯಾಹ್ನ ಸಮುದ್ರದ ಕಡೆಯಿಂದ ಬರುವ ತಂಗಾಳಿಗೂ ಜನ ಡಾಕ್ಟರ್ ಅಂತಲೇ ಕರೆಯುತ್ತಾರೆ. ಆ ಡಾಕ್ಟರ್ ಬರುವವರೆಗೂ ಈ ಡಾಕ್ಟರ್ ಕಾಯುತ್ತಿರಲಿಲ್ಲ, ಸುಡುವ ಟಾರಿನ ಮೇಲೇ ನಡೆಸುತ್ತಿದ್ದರು. ನಡೆಯುತ್ತ ಕಥೆ.

ಸ್ಪೇನಿನ ಉತ್ತರಕ್ಕೆ ಲಿಯೋನ್ ಎಂಬ ರಾಜ್ಯ ಇತ್ತಂತೆ. ದಕ್ಷಿಣದಲ್ಲಿ ಕೊರ್ಡೋಬಾದ ಖಲೀಫನ ದೊಡ್ಡ ಸಾಮ್ರಾಜ್ಯ. ಲಿಯೋನಿನಲ್ಲಿ ಅಣ್ಣ ಸತ್ತ ಮೇಲೆ ತಮ್ಮನಿಗೆ ಪಟ್ಟ ಬಂತು. ಇಪ್ಪತ್ತು ದಾಟಿದ ಹುಡುಗ, ಆದರೆ ಎಷ್ಟು ದಪ್ಪವೆಂದರೆ ಕುದುರೆ ಹತ್ತಲಾರ, ಕತ್ತಿ ಎತ್ತಲಾರ, ನಾಲ್ಕು ಹೆಜ್ಜೆ ಹಾಕಲು ಪಕ್ಕದಲ್ಲಿ ಆಳು ಬೇಕು. ಆ ಕಾಲದಲ್ಲಿ ರಾಜನೆಂದರೆ ಕುದುರೆಯ ಮೇಲಿರುವವನು. ಎರಡು ವರ್ಷ ಸಹಿಸಿಕೊಂಡ ಸರದಾರರು ಒಂದು ದಿನ ಅವನನ್ನು ಇಳಿಸಿ, ದಾಯಾದಿಯೊಬ್ಬನನ್ನು ಕೂರಿಸಿದರು. ಅವನೂ ಏನು ಒಳ್ಳೆಯವನಲ್ಲ, ಇತಿಹಾಸದಲ್ಲಿ ಅವನ ಹೆಸರಿನ ಮುಂದೆ ಕೆಟ್ಟವನು ಎಂದೇ ಇದೆ. ಇವನ ಹೆಸರಿನ ಮುಂದೆ ದಪ್ಪಗಿರುವವನು ಎಂದಿದೆ.

"ನೋಡಿ, ಒಬ್ಬ ಕೆಟ್ಟವನು, ಒಬ್ಬ ದಪ್ಪಗಿರೋನು. ಜನ ಕೆಟ್ಟವನನ್ನ ಆರಿಸ್ಕೊಂಡ್ರು. ಈಗಲೂ ಅಷ್ಟೇ" ಎಂದಾಗ ಮಾತ್ರ ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಈ ಕಥೆ ಅವರಿಗೆ ಸಿಕ್ಕಿದ್ದು ಕೊರ್ಡೋಬಾದಲ್ಲೇ. ಅವರ ಯಜಮಾನರು ಮೈಸೂರಿನ ಕಾಲೇಜಿನಲ್ಲಿ ಇತಿಹಾಸದ ಮೇಷ್ಟರಾಗಿದ್ದವರು. ಪರ್ತಿಗೆ ಬಂದ ಮೇಲೆ ಇಬ್ಬರೂ ಒಂದೇ ಒಂದು ದೊಡ್ಡ ಪ್ರವಾಸ ಹೋದರಂತೆ, ಅದು ಸ್ಪೇನಿಗೆ. ಯಜಮಾನರು ಕಮಾನು, ಕಂಬ ನೋಡುತ್ತ ನಿಂತರೆ ಇವರು ದಪ್ಪ ರಾಜನ ವಿಷಯ ಕೇಳಿ, ಅವನಿಗೆ ಸಕ್ಕರೆ ಇತ್ತೋ ಥೈರಾಯ್ಡೋ ಎಂದು ಊರೆಲ್ಲ ಸುತ್ತುತ್ತ ಯೋಚಿಸಿದರಂತೆ. ಯಜಮಾನರು ತೀರಿಕೊಂಡ ಮೇಲೆ ಆ ಪ್ರವಾಸದಲ್ಲಿ ಅವರಿಗೆ ಉಳಿದದ್ದು ಈ ರಾಜನೇ. ಹಾಗೆಂದು ಅವರು ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ.

ಎರಡನೆಯ ಕಂತು ಅಜ್ಜಿಯದು. ಈ ಭಾಗ ಬಂದರೆ ಡಾಕ್ಟರ್ ಆಂಟಿಯ ನಡಿಗೆಯೇ ಬದಲಾಗುತ್ತಿತ್ತು. ಅಜ್ಜಿ ಪಕ್ಕದ ನವಾರ ಎಂಬ ರಾಜ್ಯದ ರಾಣಿ. ಬಹಳ ವಯಸ್ಸು. ಜೀವನವಿಡೀ ಖಲೀಫನ ಮೇಲೆ ಯುದ್ಧ ಮಾಡಿದವಳು. ಮೊಮ್ಮಗ ಕಿರೀಟ ಕಳೆದುಕೊಂಡು ಬಂದು ಮನೆಯಲ್ಲಿ ಕೂತಾಗ, ಅದೇ ಖಲೀಫನಿಗೆ ಕಾಗದ ಬರೆದಳು. ಒಳ್ಳೆಯ ಡಾಕ್ಟರ್ ಅವನ ಆಸ್ಥಾನದಲ್ಲಿದ್ದಾನೆ, ಅದಕ್ಕೆ. ಆ ಡಾಕ್ಟರ್ ಯಹೂದಿ, ಖಲೀಫ ಮುಸ್ಲಿಂ, ಪೇಷೆಂಟ್ ಕ್ರೈಸ್ತ. ಡಾಕ್ಟರ್ ಬಂದು ನೋಡಿ, ಇಲ್ಲಿ ಆಗುವುದಿಲ್ಲ, ಕೊರ್ಡೋಬಾಕ್ಕೆ ಬಂದರೆ ವಾಸಿ ಮಾಡುತ್ತೇನೆ ಎಂದ. ಶತ್ರುವಿನ ಊರಿಗೆ ಹೋಗಿ, ಶತ್ರುವಿನ ಮುಂದೆ ತಲೆ ಬಗ್ಗಿಸಿ ನಿಲ್ಲಬೇಕು. ಅಜ್ಜಿ ಮೊಮ್ಮಗನನ್ನು ಹೊರಡಿಸಿಕೊಂಡು ಹೊರಟೇ ಬಿಟ್ಟಳು. ದಾರಿಯುದ್ದಕ್ಕೂ ಅವನನ್ನು ಎರಡೂ ಕಡೆ ಹಿಡಿದು ನಡೆಸಿದರಂತೆ.

"ಮಾನ ಹೋಗುತ್ತೆ ಅಂತ ಅಜ್ಜಿ ಮನೇಲಿ ಕೂರಲಿಲ್ಲ ನೋಡಿ. ಈ ಕಾರ್ಡಲ್ಲಿ ನಂಗೆ ಬೇಕಾದ ಲೈನ್ ಅದೊಂದೇ. ಜೊತೆಗೆ ಬಂದವರು ಅಜ್ಜಿ" ಅನ್ನುತ್ತಿದ್ದರು.

ಮೊದಲ ತಿಂಗಳು ನಾನು ಚೆನ್ನಾಗಿ ಇಳಿದೆ. ಎರಡನೆಯ ತಿಂಗಳು ಏನೋ ಎಡವಟ್ಟಾಯಿತು. ಗಣಿಯಲ್ಲಿದ್ದಾಗ ಅಲ್ಲಿನ ನರ್ಸ್ ವಾರಕ್ಕೆರಡು ಸಲ ತೂಕ ನೋಡಿ, ಅಂಕಿಯನ್ನು ಕ್ಲಿನಿಕ್ಕಿಗೆ ಕಳಿಸುತ್ತಿದ್ದಳು. ಶುಕ್ರವಾರ ಇಳಿದದ್ದು ಸೋಮವಾರಕ್ಕೆ ಏರಿರುತ್ತಿತ್ತು. ಪ್ರತಿ ವಾರವೂ ಹೀಗೇ. ಡಾಕ್ಟರ್ ಆಂಟಿ ನನ್ನನ್ನು ಕೂರಿಸಿಕೊಂಡು ಶನಿವಾರ, ಭಾನುವಾರ ಏನು ತಿನ್ನುತ್ತೀರಿ ಎಂದರು. ಭಾನುವಾರ ಮಾಮೂಲು, ಶನಿವಾರವಂತೂ ಒಪ್ಪತ್ತು ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಹರಕೆ ಹೊತ್ತಿದ್ದೆ, ಮೆಡಿಕಲ್ ಪಾಸಾಗಲಿ ಎಂದು. ಒಂದು ಹೊತ್ತು ಮಾತ್ರ ಅನ್ನ.

ಒಪ್ಪತ್ತಿನ ದಿನ ಏನೇನು ಎಂದು ಅವರು ಬರೆದುಕೊಳ್ಳತೊಡಗಿದರು. ಬೆಳಿಗ್ಗೆ ಬರೀ ಹಾಲು, ಎರಡು ಬಾಳೆಹಣ್ಣು. ಮಧ್ಯಾಹ್ನ ಊಟ, ರಾತ್ರಿ ಅನ್ನ ಇಲ್ಲವಲ್ಲ ಎಂದು ಸ್ವಲ್ಪ ಹೆಚ್ಚಾಗಿ, ದೇವರಿಗೆ ಮಾಡಿದ ಪಾಯಸ. ಸಂಜೆ ಸುಸ್ತಾಗಬಾರದೆಂದು ಹುರಿದ ಗೋಡಂಬಿ. ರಾತ್ರಿ ಫಲಾಹಾರ, ಅಂದರೆ ಉಪ್ಪಿಟ್ಟು, ಒಮ್ಮೊಮ್ಮೆ ಒಗ್ಗರಣೆ ಅವಲಕ್ಕಿ, ಸಾಬಕ್ಕಿ ಕಿಚಡಿ ಮಾಡಿದ್ದರೆ ಅದು. ಮನೆಯಲ್ಲಿರುವ ವಾರ ಗಂಡ ರಸಾಯನ ಮಾಡುತ್ತಾನೆ, ಸಕ್ಕರೆ ಹಾಕುವುದಿಲ್ಲ, ಬೆಲ್ಲ. ಗಣಿಗೆ ಹೋಗುವಾಗ ಅವಲಕ್ಕಿ, ಗೋಡಂಬಿ, ಬೆಲ್ಲ ಎಲ್ಲ ಡಬ್ಬಿಯಲ್ಲಿ ತುಂಬಿಕೊಡುತ್ತಾನೆ.

ಬರೆಯುತ್ತ ಬರೆಯುತ್ತ ಅವರ ಪೆನ್ನು ನಿಂತಿತು. ಕನ್ನಡಕ ಕಳಚಿದರು.

"ಇದು ಉಪವಾಸಾನಾ, ಮದುವೆ ಮನೇನಾ?"

ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ವಾರವೆಲ್ಲ ಸೊಪ್ಪು ತಿಂದು ಇಳಿಸಿದ್ದನ್ನು ದೇವರ ಹೆಸರಲ್ಲಿ ಒಂದೇ ದಿನದಲ್ಲಿ ತುಂಬಿಕೊಂಡಿದ್ದೆ. ಅವರು ಬೈಯಲಿಲ್ಲ. ತಮ್ಮ ರಂಜಾನಿನ ವಿಷಯ ಹೇಳಿದರು. ತಿಂಗಳು ಪೂರ್ತಿ ರೋಜಾ ಇದ್ದು, ಹಬ್ಬದ ದಿನ ತೂಕ ನೋಡಿದರೆ ತಾವೂ ಎರಡು ಕಿಲೋ ಏರಿರುತ್ತಾರಂತೆ. ಹಗಲಿನ ಲೆಕ್ಕವನ್ನು ಸಮೋಸ ಸಂಜೆಗೇ ಚುಕ್ತಾ ಮಾಡುತ್ತದಂತೆ. ನಿನ್ನ ದೇವರು, ನನ್ನ ದೇವರು ಇಬ್ಬರೂ ಮೇಲೆ ಕೂತು ನಮ್ಮಿಬ್ಬರನ್ನೂ ನೋಡಿ ನಗುತ್ತಿರುತ್ತಾರೆ ಎಂದರು. ಆ ದಿನದಿಂದ ನಾನು ಅವರಿಗೆ ನೀವು ಹೋಗಿ ನೀನು ಆದೆ. ಹರಕೆಯನ್ನೂ ಅವರೇ ತಿದ್ದಿದರು. ಒಪ್ಪತ್ತು ಬೇಡ, ಶನಿವಾರ ಎರಡು ಹೊತ್ತು ನಡಿ, ದೇವರಿಗೆ ಅದೂ ಸಲ್ಲುತ್ತದೆ ಎಂದರು. ಗಣಿಯ ಶೆಡ್ಡುಗಳ ಸುತ್ತ ಕೆಂಪು ಧೂಳಿನಲ್ಲಿ ನಾನು ನಡೆಯುವಾಗ ಶನಿವಾರದ ಸಂಜೆ ಫೋನ್ ಬರುತ್ತಿತ್ತು. ಎಲ್ಲಿದೀಯಾ ಎಂದು ಕೇಳುತ್ತಿರಲಿಲ್ಲ. ಉಸಿರಿನ ಸದ್ದು ಕೇಳಿ, ಹ್ಞಾಂ, ನಡೀತಿದೀಯ, ಎಂದು ಕಥೆ ಮುಂದುವರಿಸುತ್ತಿದ್ದರು.

ಮೂರನೆಯ ಕಂತಿನಲ್ಲಿ ಅವರಿಗೆ ಇತಿಹಾಸದ ಮೇಲೇ ಸಿಟ್ಟು. ಕೊರ್ಡೋಬಾದ ಡಾಕ್ಟರ್ ರಾಜನ ತುಟಿ ಹೊಲಿದುಬಿಟ್ಟು, ನಲವತ್ತು ದಿನ ಕೊಳವೆಯಲ್ಲಿ ಕಷಾಯ ಕುಡಿಸಿದ ಎಂದು ಕಥೆ ಕಟ್ಟಿದ್ದಾರಂತೆ. ಯಾವ ಡಾಕ್ಟರಾದರೂ ಹಾಗೆ ಮಾಡುತ್ತಾನೆಯೇ ಎಂದು ಕಾರ್ ಪಾರ್ಕಿನ ನಡುವೆ ನಿಂತು ನನ್ನನ್ನೇ ಕೇಳಿದರು, ಹಿಂದೆ ಒಂದು ಕಾರು ಹಾರ್ನ್ ಹಾಕುತ್ತಿದ್ದರೂ. ಅವರ ಪ್ರಕಾರ ಆ ಡಾಕ್ಟರ್ ಮಾಡಿದ್ದು ಎರಡೇ ಕೆಲಸ. ಊಟ ಅಳತೆ ಮಾಡಿ ಕೊಟ್ಟ, ಜೊತೆಯಲ್ಲಿ ನಡೆದ. ಹೊಲಿಗೆಯ ಸುದ್ದಿ ಹಬ್ಬಿಸಿದವರು ಆ ಸರದಾರರೇ ಇರಬೇಕು. ಇದಕ್ಕೆ ಪುರಾವೆ ಏನು ಎಂದು ಯಜಮಾನರೂ ಕೇಳುತ್ತಿದ್ದರಂತೆ. ಪುರಾವೆ ನನ್ನ ಮೂವತ್ತು ವರ್ಷದ ಪ್ರಾಕ್ಟೀಸು ಎಂದು ಅವರಿಗೂ ಹೇಳಿದ್ದರಂತೆ.

ಫೀಸು ಹತ್ತು ಕೋಟೆ. ವಾಸಿಯಾಗಿ ಪಟ್ಟ ವಾಪಸು ಸಿಕ್ಕ ಮೇಲೆ ಗಡಿಯ ಹತ್ತು ಕೋಟೆಗಳನ್ನು ಖಲೀಫನಿಗೆ ಬಿಟ್ಟುಕೊಡುತ್ತೇನೆ ಎಂದು ರಾಜ ಮಾತು ಕೊಟ್ಟ. ಕೊನೆಗೆ ಸಣ್ಣಗಾದ. ಖಲೀಫನ ಸೈನ್ಯದ ಜೊತೆ ಊರಿಗೆ ಹೊರಟ. ಹೋಗುವಾಗ ಎರಡೂ ಕಡೆ ಆಸರೆ ಹಿಡಿದು ನಡೆದವನು ಬರುವಾಗ ಕುದುರೆಯ ಮೇಲೆ ಬಂದ. ಕೆಟ್ಟವನು ಓಡಿಹೋದ. ಇಷ್ಟು ಹೇಳಿ ಡಾಕ್ಟರ್ ಆಂಟಿ ಕಥೆ ನಿಲ್ಲಿಸುತ್ತಿದ್ದರು. ಆಮೇಲೆ ಏನಾಯಿತು ಎಂದರೆ, ಆಮೇಲೆ ರಾಜ್ಯಭಾರ, ಅದು ಡಾಕ್ಟರಿಗೆ ಸಂಬಂಧಿಸಿದ್ದಲ್ಲ ಅನ್ನುತ್ತಿದ್ದರು.

ಮೆಡಿಕಲ್ಲಿನಲ್ಲಿ ನಾನು ಎಂಬತ್ತೈದು ಬಂದೆ. ಬೆಲ್ಟು ಕಟ್ಟಿಕೊಂಡು, ಚೀಲ ಹೊತ್ತು ನಿಂತರೂ ನೂರು ಮುಟ್ಟಲಿಲ್ಲ. ಆ ವಾರ ಕ್ಲಿನಿಕ್ಕಿಗೆ ಹೋದಾಗ ಡಾಕ್ಟರ್ ಆಂಟಿ ರಟ್ಟನ್ನು ತೆಗೆದು ಮೊದಲ ಸಲ ನನಗೆ ಅಂಕಿ ತೋರಿಸಿದರು. ಡ್ರಾಯರಿನಿಂದ ಒಂದು ಹಸಿರು ಕಾಗದದ ಕಿರೀಟ ತೆಗೆದರು. ಇಲ್ಲಿ ಕ್ರಿಸ್ಮಸ್ ಊಟದ ದಿನ ಪಟಾಕಿಯಂಥ ಸುರುಳಿ ಎಳೆದರೆ ಒಳಗಿಂದ ಬೀಳುತ್ತದಲ್ಲ, ಆ ಕಿರೀಟ. ವರ್ಷವಿಡೀ ಕೂಡಿಟ್ಟುಕೊಂಡಿರುತ್ತಿದ್ದರು. ಅದನ್ನು ನನ್ನ ತಲೆಗಿಟ್ಟು, ಕಾಯುವ ಕೋಣೆಗೆ ಕರೆದುಕೊಂಡು ಬಂದು, ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಮೂಲೆಯಲ್ಲಿ ಕೂತಿದ್ದ ಒಬ್ಬ ಲಾರಿ ಡ್ರೈವರ್, ಮೂರಾಳು ತೂಕದವನು, ಎಲ್ಲರಿಗಿಂತ ಜೋರಾಗಿ ಹೊಡೆದ. ಅವನದು ಇನ್ನೂ ಎರಡನೆಯ ಕಂತು ನಡೆಯುತ್ತಿತ್ತಂತೆ.

ಎರಡು ವರ್ಷದ ಮೇಲೆ ನಮಗೆ ಇಲ್ಲೇ ಉಳಿಯುವ ವೀಸಾ ಸಿಕ್ಕಿತು, ನನಗೆ ಬ್ರಿಸ್ಬೇನಿನಲ್ಲಿ ಕೆಲಸವೂ ಸಿಕ್ಕಿತು. ವಿದಾಯ ಹೇಳಲು ಹೋದಾಗ ನಿಮಗೆ ಏನು ಕೊಡಲಿ ಆಂಟಿ ಎಂದೆ.

"ಕೋಟೆ ಗೀಟೆ ಏನೂ ಬೇಡ. ವರ್ಷಕ್ಕೊಂದ್ಸಲ ಬಂದು ಮುಖ ತೋರ್ಸಿ ಹೋಗು. ಫಾಲೋ-ಅಪ್ ಅಂದ್ರೆ ಅಷ್ಟೇ" ಅಂದರು. ಬರುತ್ತೇನೆ ಎಂದೆ. ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಸ್ಪ್ರಿಂಗ್‌ಫೀಲ್ಡ್ ಲೇಕ್ಸ್ ಎಂಬ ಬ್ರಿಸ್ಬೇನ್ ಬಡಾವಣೆಯಲ್ಲಿ ಮನೆ ಮಾಡಿದೆವು. ಮೇಜಿನ ಕೆಲಸ, ಹೋಗುತ್ತ ಬರುತ್ತ ರೈಲಿನಲ್ಲಿ ಹೊತ್ತು ಕಳೆಯುವುದು, ಸ್ಟೇಷನ್ನಿನಲ್ಲಿ ಕಾಫಿಯ ಜೊತೆ ಒಂದು ಮಫಿನ್. ಮೇಜಿಗೆ ಬೆಲ್ಟು ಕಟ್ಟಿಕೊಳ್ಳಬೇಕಿಲ್ಲವಲ್ಲ. ಕೆರೆಯ ಸುತ್ತ ನಡೆಯಲು ಚಂದದ ದಾರಿ ಇದೆ, ಮೊದಲ ಚಳಿಗಾಲ ನಡೆದೆ. ಆಮೇಲೆ ಸೆಕೆ ಎಂದೆ, ಮಳೆ ಎಂದೆ, ದಾರಿಯಲ್ಲಿ ಮ್ಯಾಗ್‌ಪೈ ಹಕ್ಕಿ ಕುಕ್ಕಲು ಬರುತ್ತದೆ ಎಂದೆ. ಮೂರು ವರ್ಷದಲ್ಲಿ ಹದಿನೆಂಟು ಕಿಲೋದಲ್ಲಿ ಹದಿನಾಲ್ಕು ಮನೆಗೆ ವಾಪಸು ಬಂದವು.

ಮೊದಲ ವರ್ಷ ಪರ್ತಿಗೆ ಹೋಗಲು ನಿಜವಾಗಿಯೂ ಆಗಲಿಲ್ಲ. ಎರಡನೆಯ ವರ್ಷದಿಂದ ಆಗದ ಹಾಗೆ ನಾನೇ ನೋಡಿಕೊಂಡೆ. ಹಬ್ಬಕ್ಕೆ ಅವರ ಫೋನ್ ಬಂದರೆ ಎತ್ತುತ್ತಿರಲಿಲ್ಲ, ಆಮೇಲೆ ಮೆಸೇಜ್ ಹಾಕುತ್ತಿದ್ದೆ. ವೀಡಿಯೊ ಕಾಲ್ ಬಂದರಂತೂ ಫೋನನ್ನು ಮಗುಚಿ ಇಡುತ್ತಿದ್ದೆ. ಅವರು ನನಗೆ ಕೊಟ್ಟದ್ದನ್ನು ನಾನು ತಿಂದು ಮುಗಿಸಿದ್ದೆ, ಅದು ನನ್ನ ಕೆನ್ನೆಯ ಮೇಲೆ ಕಾಣುತ್ತಿತ್ತು. ಉಪಕಾರ ಮರೆತವಳು ಅಂದುಕೊಳ್ಳಲಿ, ಪರವಾಗಿಲ್ಲ, ಮತ್ತೆ ದಪ್ಪಗಾದಳು ಅಂದುಕೊಳ್ಳುವುದು ಬೇಡ ಎಂದು ಕೂತೆ. ಅವರಿಗೆ ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆ ಶುರುವಾಗಿ, ಕ್ಲಿನಿಕ್ ಬಿಟ್ಟು, ಅಡಿಲೇಡಿಗೆ ಮಗನ ಮನೆಗೆ ಹೋದದ್ದೂ ನನಗೆ ಬೇರೆಯವರಿಂದ ಗೊತ್ತಾಯಿತು. ಆಗಲೂ ಫೋನ್ ಮಾಡಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಹೋದ ವರ್ಷ ಆಫೀಸಿನ ಕೆಲಸಕ್ಕೆ ಎರಡು ದಿನ ಅಡಿಲೇಡಿಗೆ ಹೋಗಬೇಕಾಯಿತು. ಮೊದಲ ದಿನ ಅವರ ಬೀದಿಯ ತುದಿಯವರೆಗೆ ಹೋಗಿ, ಟೊರೆನ್ಸ್ ನದಿಯ ದಂಡೆಯಲ್ಲಿ ಸ್ವಲ್ಪ ಹೊತ್ತು ಕೂತು, ಹೋಟೆಲಿಗೆ ಹಿಂದಿರುಗಿದೆ. ಮನೆಗೆ ಫೋನ್ ಮಾಡಿ, ಅವರು ಸಿಗಲಿಲ್ಲ ಎಂದೆ. ಅನಘಾ ಕಾಲೇಜಿಗೆ ಬಂದಿದ್ದಾಳೆ, ಸುಳ್ಳು ಹಿಡಿಯುವುದರಲ್ಲಿ ಜಾಣೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು.

"ಅಮ್ಮಾ, ಜಸ್ಟ್ ಗೋ. ಶಿ ಈಸ್ ನಾಟ್ ಗೋಯಿಂಗ್ ಟು ವೇ ಯು" ಅಂದಳು, ಅವರೇನು ನಿನ್ನನ್ನು ತಕ್ಕಡಿ ಹತ್ತಿಸುವುದಿಲ್ಲ ಎಂದು.

ಮಾರನೆಯ ದಿನ ಹೊರಟೆ. ಬರಿಗೈಲಿ ಹೋಗುವುದು ಹೇಗೆ. ಸಿಹಿ ತೆಗೆದುಕೊಂಡು ಹೋದರೆ ಈ ಡಾಕ್ಟರ್ ಬಾಗಿಲಲ್ಲೇ ತಡೆಯುತ್ತಾರೆ. ಅಂಗಡಿಯಲ್ಲಿ ಬಹಳ ಹೊತ್ತು ನಿಂತು ಯೋಚಿಸಿ, ನಮ್ಮ ಪಥ್ಯದಲ್ಲಿ ಅವರು ಎಂದೂ ಬೇಡ ಎನ್ನದ ಒಂದೇ ಒಂದು ವಸ್ತು ನೆನಪಾಗಿ, ಅಡಿಲೇಡ್ ಬೆಟ್ಟಗಳ ಸೇಬು ಒಂದು ಡಬ್ಬಿ ಕೊಂಡೆ.

ಬಾಗಿಲು ಅವರೇ ತೆಗೆದರು, ನಾಲ್ಕು ಗಾಲಿಯ ವಾಕರ್ ಹಿಡಿದುಕೊಂಡು. ಇನ್ನೂ ಸಣ್ಣಗಾಗಿದ್ದರು. ಬಲಗೈ ನಿಲ್ಲದೆ ನಡುಗುತ್ತಿತ್ತು. ಬಿಳಿ ಶೂ ಮಾತ್ರ ಅದೇ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ ಎಂದು ನಾನು ಡಬ್ಬಿಯನ್ನು ಹೊಟ್ಟೆಗೆ ಅಡ್ಡ ಹಿಡಿದೆ. ಅವರು ನೋಡಿದ್ದು ನನ್ನ ಕೈಯಲ್ಲಿದ್ದ ಡಬ್ಬಿಯನ್ನು.

"ಏನದು?"

"ಸೇಬು ಆಂಟಿ."

ಅವರು ನಗಲು ಶುರು ಮಾಡಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ದಾರದ ಕನ್ನಡಕ ಮೂಗಿನಿಂದ ಜಾರಿ ಎದೆಯ ಮೇಲೆ ಬಿತ್ತು. ನನಗೆ ಒಂದೂ ಅರ್ಥವಾಗಲಿಲ್ಲ.

"ಒಳಗೆ ಬಾ ಮಹಾರಾಜ. ನಿನಗೆ ಕೊನೇ ಕಂತು ಹೇಳೇ ಇಲ್ಲ ಅಲ್ವಾ" ಅಂದರು.

ಕೂರಿಸಿ, ಆ ದಿನ ಹೇಳಿದರು. ಪಟ್ಟಕ್ಕೆ ಬಂದ ರಾಜ ಮಾತು ಉಳಿಸಿಕೊಳ್ಳಲಿಲ್ಲ. ಆ ಖಲೀಫ ತೀರಿಕೊಂಡ ಮೇಲೆ ಕೋಟೆ ಕೊಡುವುದನ್ನು ಮುಂದೂಡುತ್ತ ಹೋದ. ಕೊರ್ಡೋಬಾದ ಕಡೆ ತಲೆ ಹಾಕಲಿಲ್ಲ. ಕೆಲವು ವರ್ಷ ಆಳಿದ, ದಂಗೆಗಳ ನಡುವೆ. ಕೊನೆಗೆ ದಂಗೆಯೆದ್ದ ಸರದಾರನೊಬ್ಬ ರಾಜಿಗೆಂದು ಕರೆದು ಒಂದು ಸೇಬು ಕೊಟ್ಟ. ಅದರಲ್ಲಿ ವಿಷ ಇತ್ತಂತೆ. ಕೆಲವೇ ದಿನದಲ್ಲಿ ರಾಜ ಸತ್ತ. ಪಟ್ಟಕ್ಕೆ ಬಂದ ಮಗನಿಗೆ ಐದು ವರ್ಷ.

ನಾನು ಸೇಬಿನ ಡಬ್ಬಿಯನ್ನು ಮೇಜಿನ ಕೆಳಗೆ ತಳ್ಳಿದೆ. ಇಷ್ಟು ವರ್ಷ ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದೆ.

"ಹೇಳಿದ್ರೆ ನೀವೆಲ್ಲ ಸೇಬೂ ಬಿಟ್ಟುಬಿಡ್ತಿದ್ರಿ. ನಾನು ತಿನ್ನೋಕೆ ಕೊಟ್ಟಿದ್ದೇ ಅದೊಂದು" ಅಂದರು.

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವರು ನನ್ನ ಮುಖ ನೋಡಲಿಲ್ಲ, ಕಿಟಕಿಯಾಚೆ ನೋಡುತ್ತ ಮಾತಾಡಿದರು.

"ಪುಸ್ತಕದಲ್ಲಿ ಅವನು ಮೋಸಗಾರ ಅಂತ ಬರೆದಿದ್ದಾರೆ. ಕೋಟೆ ಕೊಡಬೇಕಾಗುತ್ತೆ ಅಂತ ಆ ಕಡೆ ಹೋಗಲಿಲ್ಲ ಅಂತ. ನಂಗೆ ಹಾಗನ್ಸಲ್ಲ. ಅವನು ಮತ್ತೆ ದಪ್ಪ ಆಗಿರ್ತಾನೆ ಕಣೇ. ಆ ಡಾಕ್ಟರ ಮುಖ ನೋಡೋಕೆ ನಾಚ್ಕೆ ಆಗಿರುತ್ತೆ. ಪಾಪ, ದಪ್ಪ ಆದ್ರೂ ಬಾ ಅಂತ ಯಾರೂ ಹೇಳಿರಲ್ಲ ಅವನಿಗೆ. ಆ ಡಾಕ್ಟರೂ ಹೇಳಲಿಲ್ಲ. ಅದು ಅವನ ತಪ್ಪಲ್ಲ, ಡಾಕ್ಟರ ತಪ್ಪು."

ನಾನು ಅತ್ತೆ. ವಿಲೆಟನ್ನಿನಲ್ಲಿ ಮೊದಲ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತೆ. ಆ ದಿನದ ಹಾಗೇ ಅವರು ಸಮಾಧಾನ ಮಾಡಲಿಲ್ಲ. ಎದ್ದು ನಿಂತು, ವಾಕರನ್ನು ಬದಿಗೆ ತಳ್ಳಿ, ನಡುಗುವ ಕೈಯನ್ನು ನನ್ನ ಮುಂದೆ ಚಾಚಿದರು. ನಾನು ಅದನ್ನು ನನ್ನ ತೋಳಿನಡಿ ಸಿಕ್ಕಿಸಿಕೊಂಡೆ. ಅಂಗಳ ದಾಟಿ, ಗೇಟಿನ ಟಪಾಲು ಡಬ್ಬಿಯವರೆಗೆ ಹೋಗಿ ಬರುವುದು ಆಗ ಅವರ ಎರಡು ಸುತ್ತು. ಹತ್ತು ಹೆಜ್ಜೆಗೊಮ್ಮೆ ಅವರ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿತ್ತು. ಆಗ ನಾನೂ ನಿಲ್ಲುತ್ತಿದ್ದೆ. ಕಥೆಯೇನೂ ಉಳಿದಿರಲಿಲ್ಲ, ಅದಕ್ಕೆ ಅನಘಾಳ ಕಾಲೇಜಿನ ವಿಷಯ ಹೇಳಿದೆ, ಸ್ಟೇಷನ್ನಿನ ಮಫಿನ್ ವಿಷಯವನ್ನೂ ಹೇಳಿದೆ. ಯಾವ ಮಫಿನ್ ಎಂದು ಕೇಳಿದರು. ಬ್ಲೂಬೆರಿ ಎಂದೆ. ಚೆನ್ನಾಗಿರುತ್ತೆ ಎಂದರು.

ಅಲ್ಲಿಂದ ಮುಂದೆ ಪ್ರತಿ ಶನಿವಾರ ಸಂಜೆ ನಾನು ಸ್ಪ್ರಿಂಗ್‌ಫೀಲ್ಡಿನ ಕೆರೆಯ ಸುತ್ತ ನಡೆಯುತ್ತ ಅವರಿಗೆ ಫೋನ್ ಮಾಡುತ್ತಿದ್ದೆ. ಮೊದಲಿನಂತೆ ಉಸಿರು ಕೇಳಿ, ಹ್ಞಾಂ ಅನ್ನುತ್ತಿದ್ದರು. ಅವರು ಹೋಗುವ ಹಿಂದಿನ ಶನಿವಾರವೂ ಅಂದರು. ತೂಕ ಎಷ್ಟೆಂದು ಒಂದು ದಿನವೂ ಕೇಳಲಿಲ್ಲ.

ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಅಡಿಲೇಡಿನ ಆ ದಿನ ನಾನು ಹೊರಡುವ ಮೊದಲು ನಡೆದದ್ದು. ಕಪಾಟಿನಿಂದ ಒಂದು ಡಬ್ಬಿ ತರಲು ಹೇಳಿದರು. ಅದರಲ್ಲಿ ಉಳಿದ ಕಾಗದದ ಕಿರೀಟಗಳು, ಅವುಗಳ ಅಡಿಯಲ್ಲಿ ರಾಜನ ಕಾರ್ಡು. ಆ ಕಾರ್ಡನ್ನು ನಾನು ಪೂರ್ತಿ ಓದಿದ್ದು ಅವತ್ತೇ. ಚಿಕಿತ್ಸೆ: ಅಳತೆಯ ಊಟ, ನಡಿಗೆ. ಫಲಿತಾಂಶ: ಕುದುರೆ ಹತ್ತಿದ. ಕೊನೆಯ ಸಾಲು, ಫಾಲೋ-ಅಪ್: ಬರಲಿಲ್ಲ. ಅವರು ಪೆನ್ನಿಗಾಗಿ ಮೇಜೆಲ್ಲ ತಡಕಾಡಿದರು. ಕಿವಿಯಲ್ಲಿದೆ ಆಂಟಿ ಎಂದೆ. ಮೊದಲೇ ಹೇಳೋಕೇನು ಎಂದು ಗದರಿ, ತೆಗೆದು ನನ್ನ ಕೈಗಿಟ್ಟರು. ಅವರ ಕೈಯಲ್ಲಿ ಬರೆಯಲು ಆಗುತ್ತಿರಲಿಲ್ಲ.

"ಕೊನೇ ಲೈನ್ ಹೊಡೆದುಹಾಕಿ, ಬಂದ ಅಂತ ಬರಿ" ಅಂದರು.

ನಾನು ಗೆರೆ ಎಳೆದು ಬರೆದೆ. ಪೆನ್ನು ಅಲ್ಲೇ ನಿಂತಿತು.

"ತಡವಾಗಿ ಅಂತ ಸೇರಿಸ್ಲಾ ಆಂಟಿ?"

"ಬೇಡ. ಬಂದ ಅಂದ್ರೆ ಸಾಕು" ಅಂದರು.